ಹಿಟ್ಲರ್ ಪಾಠವನ್ನು ಬದುಕಿ ಉಳಿದ ಮಕ್ಕಳಿಂದ ಶುರು ಮಾಡೋದು ಹೇಗೆ

ಕೊಪ್ಪಳದ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಹೇಳಿಕೊಡುತ್ತೇನೆ. ಮೊದಲೆಲ್ಲ ಹಿಟ್ಲರನ ಕಡೆಯವರ ಕೈಲಿ ಸತ್ತವರ ಲೆಕ್ಕದಿಂದಲೇ ಶುರು ಮಾಡುತ್ತಿದ್ದೆ. 60 ಲಕ್ಷ ಯಹೂದಿಗಳು, ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು ಅಂತ ಬೋರ್ಡಿನ ಮೇಲೆ ಬರೆದರೆ ಹುಡುಗರು ಸುಮ್ನೆ ಬರೆದುಕೊಳ್ಳುತ್ತಿದ್ದರು. ಒಬ್ಬ ಮಾತ್ರ "ಎಷ್ಟು ಸೊನ್ನಿ ಸರ?" ಅಂದ.

ಈಗ ಹಾಗೆ ಮಾಡುವುದಿಲ್ಲ. ನೀವೂ ಹೀಗೆ ಮಾಡಿ ನೋಡಿ. ಮೇಜಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಇಡಿ, ಪಕ್ಕದಲ್ಲಿ ದಾರ ಕಟ್ಟಿದ ರಟ್ಟಿನ ಚೀಟಿ. ಅದರ ಮೇಲೆ ಹೆಸರಿಲ್ಲ, ನಂಬರ್ ಅಷ್ಟೇ. ಆಮೇಲೆ ಹೇಳಿ: 1938ರ ಡಿಸೆಂಬರಿನಿಂದ 1939ರಲ್ಲಿ ಯುದ್ಧ ಶುರುವಾಗುವ ತನಕ ಜರ್ಮನಿ, ಆಸ್ಟ್ರಿಯಾ, ಚೆಕ್ ನಾಡಿನ ಪ್ರಾಗ್ ಕಡೆಯಿಂದ ಸುಮಾರು 10,000 ಮಕ್ಕಳು, ಹೆಚ್ಚಿನವರು ಯಹೂದಿಗಳು, ಇಂಥ ನಂಬರ್ ಕೊರಳಿಗೆ ಹಾಕಿಕೊಂಡು ಅಪ್ಪ ಅಮ್ಮನನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಪ್ರಾಗ್‌ನಿಂದ 669 ಮಕ್ಕಳನ್ನು ಹೊರಡಿಸಲು ಓಡಾಡಿದ ನಿಕೋಲಸ್ ವಿಂಟನ್ ಷೇರು ಪೇಟೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರ ಕೆಲಸ ಜಗತ್ತಿಗೆ ಗೊತ್ತಾಗಿದ್ದು 1988ರಲ್ಲಿ.

ಚೀಟಿಯನ್ನು ಮಾತ್ರ ಮಕ್ಕಳ ಕೊರಳಿಗೆ ಹಾಕಬೇಡಿ. ನಾನೊಮ್ಮೆ ಹಾಕಿಸಿದ್ದೆ. ಎರಡೇ ನಿಮಿಷದಲ್ಲಿ ರೈಲಾಟ ಆಯ್ತು, ಕೂಗು, ನಗು. ತಪ್ಪು ನನ್ನದೇ.

'ಬದುಕಿದರು' ಅಂತ ಪಾಠ ಮುಗಿಸಬೇಡಿ. ಜಾಸ್ತಿ ಹೊತ್ತು ಕೊಡಬೇಕಾದ್ದು ಆಮೇಲಿನದಕ್ಕೆ. ಇಂಗ್ಲೆಂಡಿಗೆ ಬಂದವರಲ್ಲಿ ಬಹಳ ಮಂದಿ ಹೆತ್ತವರನ್ನು ಮತ್ತೆ ನೋಡಲೇ ಇಲ್ಲ. ತೀರಾ ಚಿಕ್ಕವರು ಮನೆಮಾತನ್ನೇ ಮರೆತರು. ಫ್ರಾನ್ಸ್, ಬೆಲ್ಜಿಯಂ ಕಡೆ ಕ್ರೈಸ್ತ ಮಠಗಳಲ್ಲಿ, ಹಳ್ಳಿಮನೆಗಳಲ್ಲಿ ಸುಳ್ಳು ಹೆಸರಿನಲ್ಲಿ ಬಚ್ಚಿಟ್ಟಿದ್ದ ಕೂಸುಗಳಿಗೆ ಯುದ್ಧ ಮುಗಿದ ಮೇಲೆ ಹುಡುಕಿಕೊಂಡು ಬಂದ ಹೆತ್ತ ತಾಯಿಯೇ ಪರಕೀಯಳು, ಸಾಕಿದವಳ ಸೆರಗು ಬಿಡಲು ಒಲ್ಲವು. 1945ರ ಆಗಸ್ಟಿನಲ್ಲಿ, ಹಿಟ್ಲರನ ಸೆರೆ ಕ್ಯಾಂಪುಗಳಿಂದ ಬಿಡುಗಡೆಯಾದ ಸುಮಾರು 300 ಮಕ್ಕಳನ್ನು ವಿಮಾನದಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್‌ಗೆ ಕರೆತಂದರು. ಅಲ್ಲಿ ಹೊಟ್ಟೆ ತುಂಬ ಊಟ ಇತ್ತು, ಆದರೂ ಬ್ರೆಡ್ಡನ್ನು ಬಚ್ಚಿಟ್ಟುಕೊಳ್ಳುತ್ತಿದ್ದರು. ಈ ಬ್ರೆಡ್ಡಿನ ಮಾತಿಗೆ ನಮ್ಮ ಕ್ಲಾಸು ಗಪ್‌ಚಿಪ್.

ನಮ್ಮಲ್ಲಿ ಗುಳೆ ಹೋದವರ ಮಕ್ಕಳು ಅಜ್ಜಿ ಹತ್ತಿರ ಇರುತ್ತಾರಲ್ವಾ, ಅದನ್ನು ನೀವಾಗಿ ಎತ್ತಬೇಡಿ, ಎರಡೂ ಒಂದೇ ಅಲ್ಲ. ಮಕ್ಕಳೇ ಎತ್ತುತ್ತಾರೆ. "ನಮ್ಮವ್ವ ಯುಗಾದಿಗೆ ಬರ್ತಾಳ್ರಿ ಸರ, ಅವ್ರವ್ವ?" ಅಂತ ಒಬ್ಬಳು ಕೇಳಿದಳು.

ಕೊನೆಗೆ ಒಂದು ಕೆಲಸ ಕೊಡಿ. ಯುದ್ಧ ಶುರುವಾದ ಮೇಲೆ ಇಂಗ್ಲೆಂಡಿನ ಆ ಮಕ್ಕಳಿಗೂ ಹೆತ್ತವರಿಗೂ ನಡುವಿನ ಅಂಚೆ ನಿಂತು ರೆಡ್ ಕ್ರಾಸ್ ಚೀಟಿಯೇ ಗತಿ, ಅದರಲ್ಲಿ 25 ಪದ ಮಾತ್ರ. ಯಾರ ಪಾತ್ರವೂ ಬೇಡ, ತಮ್ಮ ಅವ್ವನಿಗೇ 25 ಪದದಲ್ಲಿ ಬರೆಯಲಿ. ಅದೇ ಹುಡುಗಿ ಬೆರಳು ಮಡಚಿ ಎಣಿಸುತ್ತಾ ಕೂತವಳು ತಲೆ ಎತ್ತಿ ಅಂದಳು: "ಊಟ ಆತೇನು ಅನ್ನಾಕೇ ಎರಡು ಹೋದ್ವಲ್ರಿ ಸರ."