ಬಾಯಿ ನೋಡಿದರೆ ಸಾಲದು, ಬಯಾಪ್ಸಿ ಆಗಬೇಕು

ಅಮೆರಿಕದ ಕಪ್ಪು ವರ್ಣೀಯ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಬೇಗ ಪತ್ತೆ ಮಾಡುವ ಅಧ್ಯಯನಕ್ಕೆ ಇಳಿದಾಗ ನಾನು ಮೊದಲು ಬಾಯಿಯ ಲೆಕ್ಕ, ಗಂಟಲಿನ ಲೆಕ್ಕ ಬೇರೆ ಮಾಡಿದೆ. ಎರಡೂ ಸೇರಿಸಿ ನೋಡಿದರೆ ಐದು ವರ್ಷ ಬದುಕುಳಿಯುವವರು ಬಿಳಿಯರಲ್ಲಿ ಸುಮಾರು ಶೇ. 70, ಕಪ್ಪು ವರ್ಣೀಯರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಈ ಅಂತರಕ್ಕೆ ತಡವಾದ ಪತ್ತೆಯೊಂದೇ ಕಾರಣವಲ್ಲ. ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಅದು ಬಿಳಿಯರಲ್ಲಿ ಜಾಸ್ತಿ. ನಮಗೆ ಬೇಕಿದ್ದದ್ದು ಬಾಯೊಳಗೆ ಕಣ್ಣಿಗೆ ಕಾಣುವಂಥದ್ದು.

ಹಲ್ಲಿನ ಡಾಕ್ಟರ ಹತ್ತಿರ ಜನ ಬರಲಿ ಎಂದು ಕಾದು ಪ್ರಯೋಜನವಿರಲಿಲ್ಲ. ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರದ ಇನ್ಶೂರೆನ್ಸ್ ಮೂಲ ಮೆಡಿಕೇರ್ ಮಾಮೂಲಿ ಹಲ್ಲಿನ ಖರ್ಚು ಕೊಡುವುದಿಲ್ಲ. ಬಡವರಿಗಿರುವ ಮೆಡಿಕೇಡ್‌ನಲ್ಲಿ ದೊಡ್ಡವರಿಗೆ ಕೊಡುವುದು ಬಿಡುವುದು ಆಯಾ ರಾಜ್ಯದ ಇಷ್ಟ. ಹಾಗಾಗಿ ನಾವೇ ಚರ್ಚು, ಕ್ಷೌರದಂಗಡಿಗಳಿಗೆ ಹೋದೆವು.

ಅಲ್ಲಿ ಟಸ್ಕೀಗಿಯ ಮಾತು ಬಂದೇ ಬರುತ್ತಿತ್ತು. 1932ರಿಂದ 1972ರವರೆಗೆ ಸರ್ಕಾರಿ ಸಂಶೋಧಕರು ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತಿದ್ದರು. ಅನುಮಾನ ಬರುವುದು ನ್ಯಾಯವೇ, ಅಲ್ವಾ? ಅದಕ್ಕೇ ಸ್ಥಳೀಯರ ಒಂದು ಸಮಿತಿ ಮಾಡಿ, ನಮ್ಮ ಅಧ್ಯಯನದಲ್ಲಿ ಬೇಡವೆನಿಸಿದ ಪ್ರಶ್ನೆಯನ್ನು ಹೊಡೆದುಹಾಕುವ ಅಧಿಕಾರ ಅವರಿಗೇ ಕೊಟ್ಟೆವು. ಅವರು ಹೊಡೆದೂ ಹಾಕಿದರು.

ತಪಾಸಣೆ ಸುಲಭ. ಗಾಜ್ ಬಟ್ಟೆಯಲ್ಲಿ ನಾಲಿಗೆ ಹಿಡಿದು ಎರಡೂ ಅಂಚು ನೋಡಬೇಕು, ನಾಲಿಗೆಯ ಕೆಳಭಾಗ, ಕೆನ್ನೆಯ ಒಳಬದಿ ನೋಡಬೇಕು, ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಕಲೆ ಕಂಡರೆ ಬಯಾಪ್ಸಿಗೆ, ಅಂದರೆ ಅಲ್ಲಿಂದ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಚೀಟಿ. ಸಿಗರೇಟು, ಕುಡಿತ ಇದ್ದವರಿಗೆ ಆದ್ಯತೆ ಕೊಟ್ಟೆವು. ತಿರುವನಂತಪುರದಲ್ಲಿ ನಡೆದ ಬಾಯಿ ತಪಾಸಣೆಯ ದೊಡ್ಡ ಪ್ರಯೋಗದ 2005ರ ವರದಿಯಲ್ಲಿ ಸಾವು ಕಡಿಮೆಯಾಗಿದ್ದು ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲೇ.

ಕಷ್ಟ ಶುರುವಾಗುವುದು ಚೀಟಿ ಕೈಗೆ ಬಂದ ಮೇಲೆ. ಇನ್ಶೂರೆನ್ಸ್ ಇಲ್ಲ, ರಜೆ ಸಿಗುವುದಿಲ್ಲ, ಆಸ್ಪತ್ರೆ ಫೋನ್ ಎತ್ತುವುದಿಲ್ಲ. 1990ರಲ್ಲಿ ಹಾರ್ಲೆಮ್‌ನಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಸ್ತನ ಕ್ಯಾನ್ಸರ್‌ಗಾಗಿ ಶುರು ಮಾಡಿದ ಪೇಷಂಟ್ ನ್ಯಾವಿಗೇಟರ್ ವ್ಯವಸ್ಥೆಯನ್ನೇ ನಾವೂ ತಂದೆವು. ಅಪಾಯಿಂಟ್‌ಮೆಂಟ್ ಹಿಡಿಯುವುದು, ಅರ್ಜಿ ತುಂಬುವುದು, ಜೊತೆಗೆ ಹೋಗಿ ಕೂರುವುದು ಅವರ ಕೆಲಸ. ಅದೇ ಬಡಾವಣೆಯವರನ್ನೇ ಆರಿಸಿದೆವು.

ಎಷ್ಟು ಬಾಯಿ ನೋಡಿದೆವು ಎನ್ನುವ ಅಂಕಿ ವರದಿಯಲ್ಲಿ ಚೆಂದ ಕಾಣುತ್ತದೆ, ಅಷ್ಟೇ. ನಾವು ಮುಖ್ಯವಾಗಿ ಅಳೆದದ್ದು ಕಲೆ ಕಂಡ ದಿನದಿಂದ ಬಯಾಪ್ಸಿ ಫಲಿತಾಂಶ ಕೈಗೆ ಬರುವವರೆಗಿನ ದಿನಗಳನ್ನು. ಈಗ ಅನುದಾನದ ಅರ್ಜಿ ಬರೆಯುವಾಗ ನ್ಯಾವಿಗೇಟರ್ ಸಂಬಳವನ್ನು ಮೊದಲು ಬರೆದು, ಉಳಿದದ್ದರಲ್ಲಿ ಕರಪತ್ರ ಅಚ್ಚು ಹಾಕಿಸುತ್ತೇನೆ.