ಶಿರಸಿಯಲ್ಲಿ ಪಿಯುಸಿ ಓದುತ್ತಾ ಡಿಸೈನ್‌ಗೆ ತಯಾರಾಗೋದು ಹೇಗೆ?

ಯಾವ ಕಾಂಬಿನೇಷನ್ ತಗೊಳ್ಳಲಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಪ್ರವೇಶ ಪರೀಕ್ಷೆ, ಯುಸೀಡ್ (ಐಐಟಿಗಳ ಡಿಸೈನ್ ಪದವಿಯ ಪ್ರವೇಶ ಪರೀಕ್ಷೆ) ಎರಡಕ್ಕೂ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ನಡೆಯುತ್ತದೆ. ಆರ್ಕಿಟೆಕ್ಚರ್ ಆಸೆ ಇದ್ದರೆ ಮಾತ್ರ ಗಣಿತ ಬಿಡಬೇಡಿ.

ಮೊದಲು ಒಂದು ಅಗ್ಗದ ಸ್ಕೆಚ್‌ಬುಕ್ ತನ್ನಿ. ದಿನಾ ಒಂದು ಪುಟ, ಕಣ್ಣೆದುರು ಇರುವುದನ್ನೇ ಬಿಡಿಸಿ: ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುವ ಅಜ್ಜ, ಅಡಿಕೆ ಸುಲಿಯುವ ಮೆಟ್ಟುಗತ್ತಿ. ಆ ಕತ್ತಿಯ ಅಲಗು ಮಣೆಯಿಂದ ಮೇಲೇಳುವ ಜಾಗ ಇದೆಯಲ್ಲ, ಆ ಬಾಗು ಹತ್ತು ಸಲ ಬಿಡಿಸಿದರೂ ನನಗೆ ಸರಿ ಬರಲಿಲ್ಲ. ಫೋಟೊ ನೋಡಿ ಬಿಡಿಸಬೇಡಿ, ಕೈ ಪಳಗುತ್ತದೆ, ಕಣ್ಣು ಪಳಗುವುದಿಲ್ಲ.

ನಮ್ಮ ಮಳೆಗಾಲದಲ್ಲಿ ವಾಟರ್ ಕಲರ್ ಒಣಗುವುದೇ ಇಲ್ಲ, ಕಾಗದವೂ ಸೊಟ್ಟಗಾಗುತ್ತದೆ. ಆಗ ಪೆನ್ಸಿಲ್ ಅಥವಾ ಇದ್ದಿಲು ಹಿಡಿಯಿರಿ. (ಗೋಡೆಗೆ ಕೈ ಒರೆಸಿದರೆ ಅಮ್ಮನ ಬೈಗುಳ ಗ್ಯಾರಂಟಿ.)

ರಜೆಯಲ್ಲಿ ಕರಾವಳಿಯ ಹಳೇ ದೇವಸ್ಥಾನಗಳ ಕಾವಿ ಕಲೆ ಹುಡುಕಿಕೊಂಡು ಹೋಗಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಹೊರತೆಗೆಯುತ್ತಾರೆ. ಬರೀ ಎರಡು ಬಣ್ಣ! ಅದರ ಒಂದು ಬಳ್ಳಿಯನ್ನು ಹಾಗೇ ಬಿಡಿಸಿ ನೋಡಿ, ಖಾಲಿ ಜಾಗ ಅಂದರೇನು ಅಂತ ಕೋಚಿಂಗ್ ಕ್ಲಾಸಿಗಿಂತ ಬೇಗ ಗೊತ್ತಾಗುತ್ತದೆ.

ಕೆಟ್ಟ ಸ್ಕೆಚ್ಚುಗಳನ್ನು ಹರಿಯಬೇಡಿ. ತಾರೀಖು ಹಾಕಿ ಇಟ್ಟುಕೊಳ್ಳಿ, ಪೋರ್ಟ್‌ಫೋಲಿಯೊಗೆ (ನಿಮ್ಮ ಕೆಲಸ ತೋರಿಸುವ ಸಂಗ್ರಹಕ್ಕೆ) ಬೇಕಾಗುತ್ತವೆ.