ಬಚ್ಚಲೊಲೆಗೆ ದೋಣಿಯ ಉಪಾಯ

ಹಾಯಿದೋಣಿಯಲ್ಲಿ ಬಿಸಿನೀರು ಎಲ್ಲಿಂದ ಬರುತ್ತದೆ ಅಂತ ಊರಲ್ಲಿ ಸುಮಾರು ಜನ ಕೇಳಿದ್ದಾರೆ. ಹಾಯಿ ಇದ್ದರೂ ಬಂದರಿನ ಒಳಗೆ ಹೊರಗೆ ಓಡಾಡಲು ಅದರಲ್ಲೊಂದು ಸಣ್ಣ ಡೀಸೆಲ್ ಎಂಜಿನ್ ಇರುತ್ತದೆ. ಎಂಜಿನ್ನಿನ ಶಾಖ ಹೊತ್ತು ಸುತ್ತುವ ಕೂಲೆಂಟ್ 80 ಡಿಗ್ರಿ ಹತ್ತಿರ ಕಾಯುತ್ತದೆ. ಅದನ್ನು ಒಂದು ಟ್ಯಾಂಕಿನೊಳಗಿನ ಸುರುಳಿ ಪೈಪಿನಲ್ಲಿ ಹಾಯಿಸುತ್ತಾರೆ. ಸುರುಳಿಯ ಹೊರಗೆ ಸ್ನಾನದ ನೀರು. ಕೂಲೆಂಟ್ ವಿಷ, ಆದ್ದರಿಂದ ಎರಡೂ ಸೇರಬಾರದು. ಬಿಸಿ ಮಾತ್ರ ದಾಟಬೇಕು. ಈ ಟ್ಯಾಂಕಿನ ಹೆಸರು ಕ್ಯಾಲೊರಿಫೈಯರ್. ಸಣ್ಣ ದೋಣಿಗಳಲ್ಲಿ 20ರಿಂದ 40 ಲೀಟರಿನದು ಇರುತ್ತದೆ. ಎಂಜಿನ್ ಒಂದು ಗಂಟೆ ಓಡಿದರೆ ಸಾಕು, ಸುತ್ತ ಫೋಮ್ ಹೊದಿಕೆ ಇರುವುದರಿಂದ ಮಾರನೇ ದಿನ ಬೆಳಗ್ಗೆಯೂ ನೀರು ಬೆಚ್ಚಗಿರುತ್ತದೆ. ದಡದಲ್ಲಿ ಕರೆಂಟ್ ಸಿಕ್ಕಾಗ ಬೇಕು ಅಂತ ಅದೇ ಟ್ಯಾಂಕಿಗೆ ಒಂದು ಹೀಟರ್ ಕಾಯಿಲ್ ಕೂಡ ಹಾಕಿರುತ್ತಾರೆ.

ಗೋವಾದಲ್ಲಿ ಇಂಥವನ್ನು ಕೂರಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೆ. ತೋಟ ನೋಡಿಕೊಳ್ಳಲು ಊರಿಗೆ ಬಂದ ಮೇಲೆ ಅದನ್ನೇ ನಮ್ಮ ಬಚ್ಚಲಿಗೆ ಮಾಡಿದೆ. ಊರು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ. ಸೋಲಾರ್ ಹಾಕಿಸು ಅಂದವರು ಬೇಕಾದಷ್ಟು ಜನ. ಆದರೆ ಬಿಸಿನೀರು ಜಾಸ್ತಿ ಬೇಕಾಗುವುದು ಆಷಾಢ ಶ್ರಾವಣದಲ್ಲಿ, ಆಗ ಸೂರ್ಯನ ಮುಖ ಕಾಣುವುದೇ ಅಪರೂಪ. ಮರ ಬಿದ್ದು ಲೈನ್ ಹೋದರೆ ಗೀಸರೂ ಇಲ್ಲ. ಹಾಗಂತ ಒಲೆ ತಪ್ಪುವುದಿಲ್ಲ ಅಲ್ವಾ? ಅಡಿಕೆ ಸಿಪ್ಪೆ, ಸೋಗೆ, ಒಣಗಿದ ಕೊಂಬೆ ಎಲ್ಲಾ ಮನೆಯಲ್ಲೇ ಇದೆ. ಹಂಡೆ ಒಲೆಯಲ್ಲಿ ಅರ್ಧಕ್ಕರ್ಧ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನನಗೆ ಅದೇ ಎಂಜಿನ್.

ಹಂಡೆಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಅಮ್ಮ ಬಿಡುತ್ತಿರಲಿಲ್ಲ. ಒಲೆಯ ಹಿಂದೆ, ಹೊಗೆ ಗೂಡಿಗೆ ತಿರುಗುವ ಜಾಗದಲ್ಲಿ, ಸ್ಟೇನ್‌ಲೆಸ್ ಸ್ಟೀಲಿನ ಚಪ್ಪಟೆ ಡಬ್ಬಿ ಕೂರಿಸಿದೆ. ಶಿವಮೊಗ್ಗದಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಅದರ ಮೇಲ್ತುದಿಯಿಂದ ಒಂದು ಇಂಚಿನ ತಾಮ್ರದ ಪೈಪ್ ಅಟ್ಟದ ಮೇಲಿನ 100 ಲೀಟರ್ ಟ್ಯಾಂಕಿಗೆ ಹೋಗುತ್ತದೆ, ಅಲ್ಲಿ ಸುರುಳಿ ಸುತ್ತಿ ಇನ್ನೊಂದು ಪೈಪಿನಲ್ಲಿ ಡಬ್ಬಿಯ ಬುಡಕ್ಕೆ ವಾಪಸು ಬರುತ್ತದೆ. ಈ ಸುತ್ತಿನ ನೀರು ಬದಲಾಗುವುದೇ ಇಲ್ಲ. ಮಳೆಗಾಲದಲ್ಲಿ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿನ ಜೊತೆ ಬರುವ ಕೆಂಪು ಮಣ್ಣು ಡಬ್ಬಿಯೊಳಗೆ ಗಟ್ಟಿಯಾಗಿ ಕೂರುವ ತಾಪತ್ರಯ ಅದರಿಂದ ತಪ್ಪಿತು.

ದೋಣಿಗೂ ಮನೆಗೂ ದೊಡ್ಡ ವ್ಯತ್ಯಾಸ ಒಂದಿದೆ. ದೋಣಿಯಲ್ಲಿ ನೀರು ಸುತ್ತಿಸಲು ಎಂಜಿನ್ನಿನದೇ ಪಂಪ್ ಇದೆ, ಟ್ಯಾಂಕ್ ಸೀಟಿನ ಕೆಳಗೆ ಮಲಗಿದ್ದರೂ ನಡೆಯುತ್ತದೆ. ನನ್ನ ಹತ್ತಿರ ಪಂಪ್ ಇಲ್ಲ, ಕರೆಂಟ್ ನಂಬುವ ಹಾಗೂ ಇಲ್ಲ. ಕಾದ ನೀರು ಹಗುರಾಗಿ ಮೇಲೆ ಹೋಗಬೇಕು, ತಣಿದದ್ದು ತಾನಾಗಿ ಕೆಳಗಿಳಿಯಬೇಕು. ಆದ್ದರಿಂದ ಟ್ಯಾಂಕ್ ಒಲೆಗಿಂತ ಮೇಲಿರಲೇಬೇಕು, ಪೈಪ್ ಉದ್ದಕ್ಕೂ ಏರುತ್ತಲೇ ಹೋಗಬೇಕು. ಎಲ್ಲಾದರೂ ಒಂದು ಕಡೆ ಇಳಿದು ಮತ್ತೆ ಏರಿತೋ, ಅಲ್ಲಿ ಗಾಳಿ ಸಿಕ್ಕಿಕೊಂಡು ಸುತ್ತು ನಿಂತೇ ಹೋಗುತ್ತದೆ. ತೊಲೆಯ ಅಡಿಯಲ್ಲಿ ಪೈಪನ್ನು ಮಟ್ಟಸವಾಗಿ ಎಳೆದರೆ ಚೆಂದ ಕಾಣುತ್ತದೆ ಅಂತ ಪ್ಲಂಬರ್ ಹಟ ಹಿಡಿದ. ಮಟ್ಟಗೋಲು ಇಟ್ಟು, ಗುಳ್ಳೆ ಒಂದು ಕಡೆ ಸರಿಯುವ ತನಕ ಕ್ಲ್ಯಾಂಪ್ ಬಿಗಿಯಲು ಬಿಡಲಿಲ್ಲ. ಈಗ ಆ ಪೈಪ್ ಸೊಟ್ಟಗೇ ಇದೆ. ಬಂದವರೆಲ್ಲ ಹೇಳುತ್ತಾರೆ.

ಸುತ್ತು ನಡೆಯುತ್ತಿದೆಯೋ ಇಲ್ಲವೋ ನೋಡಲು ಮೀಟರ್ ಬೇಡ. ಬೆಂಕಿ ಹಿಡಿದು ಸ್ವಲ್ಪ ಹೊತ್ತಾದ ಮೇಲೆ ಎರಡೂ ಪೈಪ್ ಮುಟ್ಟಿ ನೋಡಿ. ಮೇಲೆ ಹೋಗುವುದು ಕೈ ಇಡಲಾಗದಷ್ಟು ಸುಡಬೇಕು, ಕೆಳಗೆ ಬರುವುದು ಉಗುರು ಬೆಚ್ಚಗಿರಬೇಕು. ವಾಪಸು ಪೈಪ್ ತಣ್ಣಗೇ ಇದ್ದು ಡಬ್ಬಿ ಲೊಟಲೊಟ ಶಬ್ದ ಮಾಡಿದರೆ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಆಗ ಬೆಂಕಿ ಎಳೆದುಬಿಡಬೇಕು.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಎಂಜಿನ್ನಿಗೆ ಥರ್ಮೋಸ್ಟಾಟ್ ಇದೆ, ಬಂದ್ ಮಾಡಿದರೆ ನಿಲ್ಲುತ್ತದೆ. ಸೌದೆಗೆ ಅದ್ಯಾವುದೂ ಇಲ್ಲ. ಡಬ್ಬಿಯಿಂದ ಟ್ಯಾಂಕಿಗೆ ಹೋಗಿಬರುವ ನೀರಿನ ಸುತ್ತಿನಲ್ಲಿ ಯಾವ ವಾಲ್ವೂ ಇರಬಾರದು. ಅದರ ಎತ್ತರದ ತುದಿಯಿಂದ ಒಂದು ಪೈಪ್ ಬಾಯಿ ತೆರೆದೇ ಹೊರಗಿರಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ಕುದಿದರೆ ಒಲೆ ಸಮೇತ ಹಾರುತ್ತದೆ. ಸ್ನಾನದ ನೀರಿನ ಟ್ಯಾಂಕಿಗೂ ಹಾಗೇ ತೆರೆದ ಪೈಪ್ ಇದೆ. ಅದಕ್ಕೇ ಅಬ್ಬಿಯ ಲೈನನ್ನು ಅದಕ್ಕೆ ನೇರ ಕೊಡಲಿಲ್ಲ. ಗುಡ್ಡದ ಮೇಲಿಂದ ಬರುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ತೆರೆದ ಪೈಪಿನಿಂದ ಕಾರಂಜಿ ಎದ್ದೇಳುತ್ತದೆ. ನಡುವೆ ಸಣ್ಣದೊಂದು ತೊಟ್ಟಿ, ತುಂಬಿದ ಕೂಡಲೇ ನೀರು ನಿಲ್ಲಿಸಲು ಅದಕ್ಕೊಂದು ಬಾಲ್ ವಾಲ್ವ್. ಅಲ್ಲಿಂದ ಟ್ಯಾಂಕಿನ ಬುಡಕ್ಕೆ ತಣ್ಣೀರು. ಬಿಸಿ ತೆಗೆಯುವುದು ನೆತ್ತಿಯಿಂದ. ಟ್ಯಾಂಕ್ ನಿಂತಿದ್ದರೆ ಬಿಸಿನೀರು ಮೇಲೆ ಪದರವಾಗಿ ನಿಲ್ಲುತ್ತದೆ. ದೋಣಿಯಲ್ಲಿ ಜಾಗವಿಲ್ಲದೆ ಮಲಗಿಸುತ್ತಾರೆ, ಮನೆಯಲ್ಲಿ ಆ ಕರ್ಮ ಯಾಕೆ?

ನಲ್ಲಿಗೆ ಮುಂಚೆ, ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡುವ, ದೋಣಿಯಲ್ಲಿ ಹಾಕುವಂಥದ್ದೇ ಮಿಕ್ಸಿಂಗ್ ವಾಲ್ವ್ ಇದೆ, 45 ಡಿಗ್ರಿಗೆ ಇಟ್ಟಿದ್ದೇನೆ. ಮಕ್ಕಳಿರುವ ಮನೆಯಲ್ಲಿ ಇದು ಬೇಕೇ ಬೇಕು. 60 ಡಿಗ್ರಿ ನೀರು ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಒಲೆಯ ಹತ್ತಿರ ಪ್ಲಾಸ್ಟಿಕ್ ಪೈಪ್ ಬೇಡ.

ಲೆಕ್ಕ ಹೇಳುವುದಾದರೆ, 100 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಕರೆಂಟ್ ಬೇಕು. ಅಷ್ಟೂ ಈಗ ಸಂಜೆ ಹಂಡೆ ಕಾಯುವಾಗಲೇ ಟ್ಯಾಂಕಿಗೆ ಸೇರುತ್ತಿದೆ. ಬೆಳಗ್ಗೆ ಎದ್ದವರು ಒಲೆ ಹಚ್ಚದೆ ಮುಖ ತೊಳೆಯುತ್ತಾರೆ.

ಕಾಟ ಇರುವುದು ಮಸಿಯದು. ಡಬ್ಬಿಯ ಮೈ ಬೆಂಕಿಗಿಂತ ತಣ್ಣಗಿರುವುದರಿಂದ ಹಸಿ ಸೌದೆಯ ಹೊಗೆ ಅಲ್ಲಿ ಟಾರಿನ ಹಾಗೆ ಅಂಟುತ್ತದೆ, ಅಂಟಿದಷ್ಟೂ ಬಿಸಿ ದಾಟುವುದು ಕಡಿಮೆ. ಒಲೆಯ ಪಕ್ಕದಲ್ಲಿ ಒಂದು ಇಟ್ಟಿಗೆ ಸಡಿಲ ಬಿಟ್ಟಿದ್ದೇನೆ, ಅದನ್ನು ತೆಗೆದು ಹಳೇ ಕತ್ತಿಯಲ್ಲಿ ಕೆರೆಯುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ನೆನಪಾದಾಗ.